ದಾನದ ಹೋರಿಗೂ ಹಲ್ಲು ಎಣಿಸಬೇಕು

ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಕೊಟ್ಟವರ ಮನಸ್ಸು ನೋಯದಿರಲೆಂದು ಹುಟ್ಟಿದ ಮಾತು ಅದು. ಆದರೆ ಆ ಕಾಲದಲ್ಲಿ ದಾನ ಕೊಡುವವರು ತಮಗೂ ಬೇಕಾದ ಹಸುವನ್ನೇ ಕೊಡುತ್ತಿದ್ದರು. ಈಗ ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಬಿಟ್ಟಿಯಾಗಿ ಕೈಗೆ ಬರುವ ದನ ಬೇರೆ ಬಗೆಯದು. ಅದು ಕೊಡುವವನಿಗೆ ಬೇಡವಾದ ದನ. ಆದ್ದರಿಂದ ಅದರ ಹಲ್ಲನ್ನು ಎಣಿಸಲೇಬೇಕು, ಜೊತೆಗೆ ನಮ್ಮ ಬಣವೆಯ ಸೊಪ್ಪೆ ಸಿವುಡನ್ನೂ ಎಣಿಸಬೇಕು ಎಂಬುದು ನನ್ನ ಅಭಿಪ್ರಾಯ. ಇದನ್ನು ಓದಿ ನನ್ನನ್ನು ಕರುಣೆಯಿಲ್ಲದವನೆಂದು ಯಾರಾದರೂ ಅಂದರೆ, ನನ್ನ ಹಟ್ಟಿಯಲ್ಲಿ ಕಟ್ಟಿರುವುದನ್ನು ಒಮ್ಮೆ ಬಂದು ನೋಡಲಿ.

ನನ್ನದು ನಾಲ್ಕು ಎಕರೆ ಮಸಾರಿ ಹೊಲ. ನೀರಾವರಿ ಇಲ್ಲ. ಅರ್ಧಕ್ಕೆ ಶೇಂಗಾ, ಉಳಿದದ್ದಕ್ಕೆ ಜೋಳ, ಸಜ್ಜೆ. ಹಾಲಿಗೆ ಒಂದು ಆಕಳು, ನಾಲ್ಕು ಮೇಕೆ. ಕೆಲವು ವರ್ಷದ ಹಿಂದೆ ಸಂಬಂಧಿಕರೊಬ್ಬರು ಟ್ರ್ಯಾಕ್ಟರ್ ತಂದರು. ಅವರ ಮನೆಯ ಜೋಡಿ ಎತ್ತಿನಲ್ಲಿ ಒಂದು ಆಗಲೇ ತೀರಿಕೊಂಡಿತ್ತು. ಉಳಿದ ಒಂಟಿ ಎತ್ತನ್ನು ಸಂತೆಗೆ ಹೊಡೆಯಲು ಮನಸ್ಸಿಲ್ಲದೆ "ನಿನ್ನ ಹಟ್ಟಿಯಲ್ಲಿ ಜಾಗ ಇದೆಯಲ್ಲ" ಎಂದು ನನ್ನಲ್ಲಿಗೆ ತಂದು ಕಟ್ಟಿದರು. ಜಾಗವೇನೋ ಇತ್ತು. ಜಾಗವನ್ನು ದನ ತಿನ್ನುವುದಿಲ್ಲವೆಂಬುದು ಆಗ ನನಗೂ ಹೊಳೆಯಲಿಲ್ಲ. ಆ ಎತ್ತು ಬಂದ ಸುದ್ದಿ ಊರಲ್ಲಿ ಹಬ್ಬಿದ ಮೇಲೆ, "ಇವನು ಬೇಡ ಅನ್ನುವುದಿಲ್ಲ" ಎಂಬ ಹೆಸರು ಬಂತು. ಹಾಲಿನ ಮನೆಯವರೊಬ್ಬರು ಒಂದು ಎಚ್.ಎಫ್. ಹೋರಿಗರು ಕೊಟ್ಟರು. ಇನ್ನೊಂದನ್ನು ಯಾರು ಕೊಟ್ಟರೆಂದು ಇಂದಿಗೂ ತಿಳಿಯದು. ಬೆಳಿಗ್ಗೆ ಎದ್ದು ನೋಡಿದರೆ ಬೇಲಿಯ ಗೂಟಕ್ಕೆ ಕಟ್ಟಿತ್ತು. ಕಿವಿಯಲ್ಲಿ ಓಲೆ ಕಿತ್ತ ಹಸಿ ಗಾಯವಿತ್ತು.

ಬೇಡವಾದ ಹೋರಿಗರುಗಳು ಹೀಗೆ ಹಾದಿಗೆ ಬೀಳಲು ಕಾರಣ ಒಂದೇ ಅಲ್ಲ. ಕಾಯ್ದೆಯನ್ನಷ್ಟೇ ಬೊಟ್ಟು ಮಾಡುವವರು ಅರ್ಧ ಮಾತಾಡುತ್ತಾರೆ. ರಾಜ್ಯದಲ್ಲಿ 1964ರ ಹಳೆಯ ಕಾಯ್ದೆಯಿದ್ದಾಗ ಆಕಳಿಗೆ ರಕ್ಷಣೆ ಇತ್ತು. 12 ವರ್ಷ ಮೀರಿದ ಅಥವಾ ದುಡಿಯಲಾರದ ಎತ್ತು ಹೋರಿಗಳನ್ನು ಪ್ರಮಾಣಪತ್ರ ಪಡೆದು ಕಸಾಯಿಗೆ ಕೊಡಲು ಅವಕಾಶವಿತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಆ ಅವಕಾಶ 13 ವರ್ಷ ಮೀರಿದ ಎಮ್ಮೆ ಕೋಣಗಳಿಗೆ ಮಾತ್ರ ಉಳಿಯಿತು. ಅದು ಸರಿಯೋ ತಪ್ಪೋ ಎಂಬ ಚರ್ಚೆಗೆ ಪತ್ರಿಕೆಯ ಬೇರೆ ಪುಟಗಳಿವೆ, ಈ ಪುಟಕ್ಕೆ ಹಟ್ಟಿಯ ಲೆಕ್ಕ ಸಾಕು. ಕಾಯ್ದೆಗಿಂತ ಮೊದಲೇ ಟ್ರ್ಯಾಕ್ಟರ್ ಬಂದಿತ್ತು. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 6.79 ಕೋಟಿ ಗಂಡು ದನಗಳಿದ್ದವು. 2019ರ ಗಣತಿಯಲ್ಲಿ ಅವು 4.74 ಕೋಟಿಗೆ ಇಳಿದವು. ಅದೇ ಏಳು ವರ್ಷಗಳಲ್ಲಿ ಹೆಣ್ಣು ದನಗಳು ಶೇಕಡಾ 18ರಷ್ಟು ಹೆಚ್ಚಿದವು. ಹುಟ್ಟುವಾಗ ಗಂಡು ಹೆಣ್ಣು ಹೆಚ್ಚುಕಡಿಮೆ ಸಮವಾಗಿಯೇ ಹುಟ್ಟುತ್ತವೆ. ಹಾಗಾದರೆ ಗಂಡು ಎಲ್ಲಿ ಹೋಯಿತೆಂದು ನಾವು ಯಾರೂ ಕೇಳುವುದಿಲ್ಲ.

ಹಾಲಿನ ಮನೆಯವರನ್ನು ಬೈಯುವುದೂ ಸುಲಭ. ಅವರ ಲೆಕ್ಕ ನೋಡಿರಿ. ಎಳೆಗರುವಿಗೆ ಅದರ ತೂಕದ ಹತ್ತನೇ ಒಂದು ಪಾಲು ಹಾಲು ದಿನವೂ ಬೇಕು. ಮಿಶ್ರತಳಿಯ ಕರು 25-30 ಕಿಲೋ ತೂಗುತ್ತದೆ ಎಂದರೆ ದಿನಕ್ಕೆ ಎರಡೂವರೆ ಮೂರು ಲೀಟರು. ಎರಡು ತಿಂಗಳು ಕುಡಿಸಿದರೆ ಡೇರಿಗೆ ಹಾಕಬೇಕಾದ ಹಾಲಿನಲ್ಲಿ 150 ಲೀಟರಿಗೂ ಮಿಕ್ಕಿ ಕಳೆಯಿತು. ಹೆಣ್ಣುಗರುವಾದರೆ ನಾಳೆಯ ಆಕಳು ಎಂದು ಕುಡಿಸುತ್ತಾರೆ. ಗಂಡಿಗೆ ಕುಡಿಸಿ ಏನು ಮಾಡುವುದು? ಎಚ್.ಎಫ್. ಹೋರಿಗೆ ಹೆಗಲ ಡುಬ್ಬ ಸರಿಯಾಗಿ ಇರುವುದಿಲ್ಲ, ನೊಗ ನಿಲ್ಲದೆ ಜಾರುತ್ತದೆ. ನಮ್ಮ ಬಿಸಿಲಿಗೆ ನಾಲಿಗೆ ಹೊರಹಾಕಿ ಏದುತ್ತದೆ. ದುಡಿಯುವುದೇ ಇಲ್ಲವೆಂದಲ್ಲ; ಬೆಳಗಿನ ತಂಪು ಹೊತ್ತಿನಲ್ಲಿ ಹಗುರ ಗಾಡಿ ಎಳೆದೀತು. ಹಳ್ಳಿಕಾರ್ ಅಥವಾ ನಾಡ ಎತ್ತಿನ ಹಾಗೆ ಏರುಬಿಸಿಲಲ್ಲಿ ರಂಟೆ ಎಳೆಯಲಾರದು.

ಈ ಸಂಗತಿಯಲ್ಲಿ ಹೊರದೇಶದವರ ಪಾಡೂ ನಮಗಿಂತ ಬೇರೆಯಲ್ಲ, ಪ್ರಾಣಿ ಮಾತ್ರ ಬೇರೆ. 1985ರ ಸುಮಾರಿಗೆ ವಿಯೆಟ್ನಾಮ್ ಮೂಲದ ಡೊಳ್ಳುಹೊಟ್ಟೆಯ ಸಣ್ಣ ಹಂದಿಗಳು ಕೆನಡಾಕ್ಕೆ ಬಂದು, ಅಲ್ಲಿಂದ ಅಮೆರಿಕಕ್ಕೆ ಹಬ್ಬಿದವು. ಪಟ್ಟಣದವರು ನಾಯಿಮರಿಯ ಹಾಗೆ ಮುದ್ದಿಗೆ ಕೊಂಡರು. ಮಾರುವವರು ಮರಿಯ ತಾಯಿತಂದೆಯನ್ನು ತೋರಿಸಿ "ನೋಡಿ, ಬೆಳೆದರೂ ಇಷ್ಟೇ" ಅನ್ನುತ್ತಿದ್ದರು. ಹಂದಿ ಪೂರ್ತಿ ಬೆಳೆಯುವ ಮೊದಲೇ, ಕೆಲವೇ ತಿಂಗಳ ಪ್ರಾಯದಲ್ಲಿ ಮರಿ ಹಾಕುತ್ತದೆಂಬ ಗುಟ್ಟು ಕೊಂಡವರಿಗೆ ಗೊತ್ತಿರಲಿಲ್ಲ. ಎರಡು ಮೂರು ವರ್ಷದಲ್ಲಿ ಅದು 50 ಕಿಲೋ ಮೀರಿ, ಮನೆಯ ನೆಲಹಾಸು ಕಿತ್ತು, ಬಾಗಿಲು ಮುರಿಯಿತು. ಹದಿನೈದು ವರ್ಷ ಬದುಕುವ ಪ್ರಾಣಿ ಬೇರೆ. ಆಗ ಅವರೆಲ್ಲ ಮಾಡಿದ್ದು ಒಂದೇ ಕೆಲಸ: ಹಳ್ಳಿಯಲ್ಲಿ ನಾಲ್ಕು ಎಕರೆ ಇಟ್ಟುಕೊಂಡವನನ್ನು ಹುಡುಕಿ, "ನಿಮ್ಮಲ್ಲಿ ಜಾಗ ಇದೆಯಲ್ಲ" ಎಂದದ್ದು. ನನ್ನ ಸಂಬಂಧಿಕರ ಮಾತೇ ಸಮುದ್ರ ದಾಟಿ ಹೋದ ಹಾಗಿದೆ! ನಮ್ಮಲ್ಲಿ ಹಂದಿಯನ್ನು ಮುದ್ದಿಗೆ ಸಾಕುವವರು ಕಾಣರು. ಆದರೆ ಬೇಡವಾದದ್ದನ್ನು ಸಣ್ಣ ಹಿಡುವಳಿಯವನ ಬೇಲಿಗೆ ಕಟ್ಟುವ ಬುದ್ಧಿ ಎಲ್ಲ ಕಡೆಯೂ ಒಂದೇ.

ಈಗ ಮೇವಿನ ಲೆಕ್ಕಕ್ಕೆ ಬರೋಣ. ಇದನ್ನು ವಾಚನಾಲಯದಲ್ಲಿ ಕುಳಿತವರು ಬೆರಳು ಮಡಿಚಿ ಎಣಿಸಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ದನಕ್ಕೆ ತನ್ನ ಮೈತೂಕದ ನೂರಕ್ಕೆ ಎರಡರಿಂದ ಎರಡೂವರೆ ಪಾಲು ಒಣಮೇವು ದಿನವೂ ಬೇಕು. 300 ಕಿಲೋ ತೂಗುವ ಸಾಧಾರಣ ಎತ್ತಿಗೆ ಏಳು ಕಿಲೋ ಹಿಡಿಯಿರಿ. ವರ್ಷಕ್ಕೆ ಎರಡೂವರೆ ಟನ್ನು ಆಯಿತು. ನಮ್ಮ ಮಸಾರಿ ನೆಲದಲ್ಲಿ, ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆಯ ಸೀಮೆಯಲ್ಲಿ, ಹದವಾಗಿ ಮಳೆ ಬಂದ ವರ್ಷ ಎಕರೆ ಜೋಳಕ್ಕೆ ಒಂದು ಒಂದೂವರೆ ಟನ್ನು ಸೊಪ್ಪೆ ಸಿಕ್ಕರೆ ಪುಣ್ಯ. ಅಂದರೆ ಒಂದು ಎತ್ತು ಹೆಚ್ಚುಕಡಿಮೆ ಎರಡು ಎಕರೆಯ ಸೊಪ್ಪೆಯನ್ನು ಒಂದೇ ತಿನ್ನುತ್ತದೆ. ನನ್ನ ಹಟ್ಟಿಗೆ ಬಂದ ಎತ್ತು ನನ್ನ ಅರ್ಧ ಹೊಲವನ್ನು ತನ್ನ ಹೆಸರಿಗೆ ಬರೆಸಿಕೊಂಡೇ ಬಂದಿತ್ತು ಅನ್ನಿ. ಕೊಂಡು ಹಾಕುವುದಾದರೆ ಕಿಲೋಗೆ ಐದು ರೂಪಾಯಿ ಹಿಡಿದರೂ ವರ್ಷಕ್ಕೆ 12,500 ರೂಪಾಯಿ. ಹಿಂಡಿ, ಉಪ್ಪು, ಔಷಧ ಬೇರೆ. ನೀರು ದಿನಕ್ಕೆ 30-40 ಲೀಟರು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಆ ನೀರನ್ನು ಕೊಳವೆಬಾವಿಯ ತೊಟ್ಟಿಯಿಂದ ಹೊರುವವರು ಯಾರೆಂಬುದನ್ನು ಮನೆಯ ಹೆಂಗಸರನ್ನು ಕೇಳಿದರೆ ಹೇಳುತ್ತಾರೆ.

ಜೋಳದ ಹೊಲ ಮೆಕ್ಕೆಜೋಳಕ್ಕೆ ತಿರುಗಿದ್ದು ಇದಕ್ಕೆ ಸೇರಿದ ಇನ್ನೊಂದು ಪೆಟ್ಟು. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆ ಈಗ ಕಣ್ಣು ಹಾಯುವಷ್ಟು ದೂರ ಅದೇ ಬೆಳೆ. ತೆನೆ ಮುರಿದ ಮೇಲೆ ದಂಟು ಮರದಂತಾಗುತ್ತದೆ, ದನ ಸುಲಿ ತಿಂದು ಬುಡ ಬಿಡುತ್ತದೆ. ಕತ್ತರಿಸಿ ಹಾಕಿದರೆ ವಾಸಿ. ಯೂರಿಯಾ ಸಿಂಪಡಿಸಿ ಹದ ಮಾಡುವ ವಿಧಾನವೂ ಇದೆ: 100 ಕಿಲೋ ಕತ್ತರಿಸಿದ ಒಣಮೇವಿಗೆ 4 ಕಿಲೋ ಯೂರಿಯಾವನ್ನು 50 ಲೀಟರು ನೀರಿನಲ್ಲಿ ಕರಗಿಸಿ, ಪದರಪದರವಾಗಿ ಚಿಮುಕಿಸಿ ತುಳಿದು, ಗಾಳಿ ಆಡದಂತೆ ಪ್ಲಾಸ್ಟಿಕ್ ಹೊದಿಸಿ 21 ದಿನ ಮುಚ್ಚಿಡಬೇಕು. ತೆಗೆದ ಮೇಲೆ ಗಾಳಿಗೆ ಹರವಿ, ಘಾಟು ಹೋದ ಮೇಲೆ ಹಾಕಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದು ಕೂಡದು. ಕಲಸಿದ ಯೂರಿಯಾ ನೀರಿಗೆ ದನ ಬಾಯಿ ಹಾಕಿದರೆ ಸಾವೇ, ಬಕೆಟ್ಟನ್ನು ಕೈಬಿಟ್ಟು ಹೋಗಬೇಡಿರಿ. ತುಂಗಭದ್ರೆಯ ಹಿನ್ನೀರಿನ ದಂಡೆಯ ಊರುಗಳವರಿಗೆ ನೀರು ಇಳಿದ ಮೇಲೆ ಬಯಲಿನ ಹುಲ್ಲಾದರೂ ಇದೆ. ಕೂಡ್ಲಿಗಿ ಕೊಟ್ಟೂರಿನ ನಮಗೆ ಅದೂ ಇಲ್ಲ, ಗುಡ್ಡಕ್ಕೆ ಹೊಡೆದರೆ ಚಿರತೆಯ ಭಯ.

ಗೊಬ್ಬರ ಬರುತ್ತದಲ್ಲ ಎಂದು ಕೊಡುವವರು ಹೇಳುವುದುಂಟು. ಬರುತ್ತದೆ. ದಿನಕ್ಕೆ ಹತ್ತು ಕಿಲೋ ಸಗಣಿಯೆಂದರೆ ವರ್ಷದ ಕೊನೆಗೆ ತಿಪ್ಪೆಯಲ್ಲಿ ಕಳಿತು ಎರಡು ಟನ್ನಿನಷ್ಟು ಉಳಿದೀತು. ಅದರಲ್ಲಿರುವ ಸಾರಜನಕ ಹತ್ತು ಕಿಲೋ. 45 ಕಿಲೋದ ಯೂರಿಯಾ ಚೀಲದಲ್ಲಿ ಅರ್ಧ ಚೀಲಕ್ಕೆ ಸಮ. ಗೊಬ್ಬರವನ್ನು ಯೂರಿಯಾದ ತಕ್ಕಡಿಯಲ್ಲಿ ತೂಗುವುದು ಪೂರ್ತಿ ನ್ಯಾಯವಲ್ಲ, ಒಪ್ಪುತ್ತೇನೆ. ಕೊಟ್ಟಿಗೆ ಗೊಬ್ಬರ ಬಿದ್ದ ಮಸಾರಿ ಹೊಲ ಮಳೆ ತಡವಾದರೂ ಎಂಟು ದಿನ ತಡೆಯುತ್ತದೆ, ಅದನ್ನು ಚೀಲದಲ್ಲಿ ಕೊಳ್ಳಲಾಗದು. ಆದರೂ 12,500 ರೂಪಾಯಿಯ ಮೇವಿಗೆ ಗೊಬ್ಬರವೊಂದೇ ಉತ್ತರವಾಗಲಾರದು.

2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದರು. ನನ್ನ ಬಣವೆ ಸಂಕ್ರಾಂತಿಯ ಹೊತ್ತಿಗೇ ಮೊಣಕಾಲುದ್ದಕ್ಕೆ ಇಳಿಯಿತು. ಮೂರು ಬಿಟ್ಟಿ ದನ ಮತ್ತು ನನ್ನ ಆಕಳಿಗೆ ಇದ್ದದ್ದನ್ನೇ ಹಂಚಿದೆ. ಎಲ್ಲಕ್ಕೂ ಅರೆಹೊಟ್ಟೆ. ಮೊದಲು ಆಕಳ ಹಾಲು ಬತ್ತಿತು, ಮೊಮ್ಮಗಳಿಗೆ ಹಾಲನ್ನು ಕೊಂಡು ತರುವಂತಾಯಿತು. ಎರಡು ಮೇಕೆ ಮಾರಿ ಸೊಪ್ಪೆ ತಂದೆ. ಬೇಲಿಗೆ ಕಟ್ಟಿ ಹೋದ ಹೋರಿಗರು ಯುಗಾದಿಗೆ ಮೊದಲು ಮಲಗಿದ್ದು ಏಳಲಿಲ್ಲ. ಡಾಕ್ಟರು ಬಂದು ನೋಡಿದರು. ಹೊಟ್ಟೆ ತುಂಬ ಪ್ಲಾಸ್ಟಿಕ್ ಇತ್ತು. ನನ್ನಲ್ಲಿಗೆ ಬರುವ ಮುನ್ನ ಅದು ಪಟ್ಟಣದ ಬೀದಿಯಲ್ಲಿ ತಿರುಗಿದ್ದಿರಬೇಕು. ಹೊಟ್ಟೆ ಉಬ್ಬಿದಂತೆ ಕಾಣುತ್ತಿದ್ದುದರಿಂದ ಮೇವು ಮೈಗೆ ಹತ್ತುತ್ತಿದೆ ಎಂದುಕೊಂಡಿದ್ದೆ. ಬೆನ್ನುಮೂಳೆ ಎದ್ದಿದ್ದನ್ನು ಕಂಡೂ ಅರ್ಥ ಮಾಡಿಕೊಳ್ಳಲಿಲ್ಲ. ನನ್ನ ಕರುಣೆಯಿಂದ ಆ ಕರುವಿಗೆ ಸಿಕ್ಕಿದ್ದು ಕೆಲವು ತಿಂಗಳ ಹಸಿವು. ಒಂದನ್ನೇ ಇಟ್ಟುಕೊಂಡಿದ್ದರೆ ಆ ಒಂದಕ್ಕಾದರೂ ಹೊಟ್ಟೆ ತುಂಬುತ್ತಿತ್ತು.

ಇದನ್ನು ಹೇಳಿದಾಗ ಕೆಲವರು ಮ್ಯಾಸನಾಯಕರ ದೇವರ ಎತ್ತುಗಳನ್ನು ನೆನಪಿಸುತ್ತಾರೆ. ನಮ್ಮ ಕೂಡ್ಲಿಗಿಯಿಂದ ಹಿಡಿದು ಮೊಳಕಾಲ್ಮೂರು, ಚಳ್ಳಕೆರೆಯವರೆಗೆ ಆ ಹಿಂಡುಗಳಿವೆ. ಕುಲದೇವರಿಗೆ ಬಿಟ್ಟ ದನ. ನೊಗ ಹೂಡುವುದಿಲ್ಲ, ಮಾರುವುದಿಲ್ಲ, ಸಾಯುವವರೆಗೆ ಸಾಕುತ್ತಾರೆ. ಅವರಿಗೆ ಆಗುವುದು ನಿನಗೇಕೆ ಆಗದು ಎಂಬ ಪ್ರಶ್ನೆ. ಉತ್ತರ ಆ ಪದ್ಧತಿಯಲ್ಲಿಯೇ ಇದೆ. ಹಿಂಡಿನ ಹೊಣೆ ಒಂದು ಮನೆಯದಲ್ಲ, ಇಡೀ ಕುಲದ್ದು. ಮೇಯಿಸಲೆಂದೇ ಕಿಲಾರಿ ಇದ್ದಾನೆ, ಅವನಿಗೆ ಬೇರೆ ಕೆಲಸವಿಲ್ಲ. ಮೇಯಲು ಕಾವಲು, ಗುಡ್ಡ ಇದ್ದವು. ಆ ಕಾವಲುಗಳು ಕುಗ್ಗಿದ ಮೇಲೆ, ಬರಗಾಲದಲ್ಲಿ ದೇವರ ಎತ್ತುಗಳಿಗೂ ದಾನಿಗಳ ಮೇವಿನ ಲಾರಿಯನ್ನು ಎದುರು ನೋಡುವ ಗತಿ ಬಂದಿದೆ. ಕುಲವೇ ಕೂಡಿ ಹೊರಲಾರದ ಭಾರವನ್ನು ನಾಲ್ಕು ಎಕರೆಯವನು ಹೊರಲೆಂದು ಕೇಳುವುದು ಯಾವ ನ್ಯಾಯ?

ಹಾಗೆಂದು ಬಂದ ದನವನ್ನೆಲ್ಲ ಬೇಡವೆನ್ನಿ ಎಂದು ನಾನು ಹೇಳುತ್ತಿಲ್ಲ. ಶೇಂಗಾ ಹೊಲದಲ್ಲಿ ಬೆಳೆ ನಿಂತಾಗ ಎಡೆಕುಂಟೆ ಹೊಡೆಯಲು ಎತ್ತೇ ಬೇಕು. ಜೋಡಿ ಎತ್ತಿಟ್ಟವನ ಮನೆಗೆ ಆಷಾಢದಲ್ಲಿ ಜನ ಹುಡುಕಿಕೊಂಡು ಬರುತ್ತಾರೆ. ಆದ್ದರಿಂದ ಹಲ್ಲು ನೋಡುವುದು ಮುಖ್ಯ. ಹಾಲುಹಲ್ಲಿದ್ದರೆ ಎರಡು ವರ್ಷದೊಳಗಿನದು. ಎರಡು ಹಲ್ಲು ಎಂದರೆ ಎರಡು ವರ್ಷದ ಆಸುಪಾಸು. ಎಂಟೂ ಬಂದು ಬಾಯಿಗೂಡಿದ್ದರೆ ನಾಲ್ಕು ವರ್ಷ ದಾಟಿದೆ. ಎರಡು, ನಾಲ್ಕು ಹಲ್ಲಿನ ನಾಡ ಹೋರಿ, ನಿಮ್ಮಲ್ಲಿರುವ ಒಂಟಿ ಎತ್ತಿಗೆ ಎತ್ತರದಲ್ಲಿ ಜೋಡಿಯಾಗುವಂಥದ್ದು ಬಿಟ್ಟಿ ಸಿಕ್ಕರೆ ಕಣ್ಣಿಗೊತ್ತಿಕೊಂಡು ತನ್ನಿರಿ. ಹಲ್ಲು ಸವೆದು ಸಂದು ಬಿಟ್ಟ ಮುದಿ ಎತ್ತಾದರೆ ಅದಕ್ಕೆ ಒರಟು ದಂಟು ಅಗಿಯಲಾಗದು, ಮೆತ್ತನೆಯ ಮೇವು ಬೇಕಾಗುತ್ತದೆಂಬುದನ್ನು ತಿಳಿದೇ ಕಟ್ಟಿರಿ. ಎಚ್.ಎಫ್. ಹೋರಿಗರುವನ್ನು ಬೀಜ ಒಡೆಸದೆ ಇಟ್ಟುಕೊಳ್ಳುವ ಮಾತೇ ಬೇಡ. ಕರುವಾಗಿದ್ದಾಗ ಮಕ್ಕಳ ಕೈ ನೆಕ್ಕುವುದು ಎರಡು ವರ್ಷ ತುಂಬಿದ ಮೇಲೆ ಹಗ್ಗ ಹಿಡಿದವನನ್ನೇ ಗೋಡೆಗೆ ಒತ್ತುತ್ತದೆ. ಪಶುವೈದ್ಯರ ಬಳಿ ಬರ್ಡಿಜೋ ಇಕ್ಕಳ ಇರುತ್ತದೆ, ಗಾಯವಿಲ್ಲದೆ ಕೆಲಸ ಮುಗಿಯುತ್ತದೆ.

ಬಂದ ದನವನ್ನು ಮೊದಲ ದಿನವೇ ಹಟ್ಟಿಯ ದನಗಳ ಸಾಲಿನಲ್ಲಿ ಕಟ್ಟಬೇಡಿರಿ. ಮೂರು ವಾರ ದೂರದಲ್ಲಿ, ಬೇರೆ ಬಾನಿ, ಬೇರೆ ಮೇವು. ಇಂಗ್ಲೆಂಡಿನಲ್ಲಿ 2001ರಲ್ಲಿ ಕಾಲುಬಾಯಿ ಜ್ವರ ಹೊತ್ತಿಕೊಂಡದ್ದು ಎಂಜಲು ತಿಂದ ಹಂದಿಗಳ ಒಂದು ಹಟ್ಟಿಯಿಂದ ಎಂದು ಅಲ್ಲಿನ ತನಿಖೆ ಹೇಳಿತು. ರೋಗ ನಿಲ್ಲಿಸಲು 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ನಮ್ಮಲ್ಲಿ 2022ರಲ್ಲಿ ಚರ್ಮಗಂಟು ರೋಗ ಊರೂರು ಹಬ್ಬಿದ್ದನ್ನು ಯಾರೂ ಮರೆತಿಲ್ಲ. ಮೈಮೇಲಿನ ಉಣ್ಣೆ ತೆಗೆಸಿ, ಕಾಲುಬಾಯಿ, ಗಳಲೆ, ಚಪ್ಪೆ ರೋಗದ ಲಸಿಕೆ ಆಗಿದೆಯೇ ಕೇಳಿರಿ. ಕಿವಿಯ ಹಳದಿ ಓಲೆಯಲ್ಲಿ 12 ಅಂಕಿಗಳ ಸಂಖ್ಯೆಯಿರುತ್ತದೆ. ಅದನ್ನು ನಿಮ್ಮ ಹೆಸರಿಗೆ ಬದಲಿಸಿಕೊಳ್ಳಿರಿ. ಓಲೆ ಕಿತ್ತ ದನವಾದರೆ ಅಂದೇ ಪಶು ಆಸ್ಪತ್ರೆಗೆ ತಿಳಿಸಿ ಹೊಸದನ್ನು ಹಾಕಿಸಿರಿ. ದೂರದಿಂದ ವಾಹನದಲ್ಲಿ ತರುವುದಾದರೆ ಮೊದಲು ವೈದ್ಯರನ್ನು ಕಂಡು ಕಾಗದ ಸರಿಮಾಡಿಕೊಳ್ಳದೆ ಹೊರಡಬೇಡಿರಿ. ದಾನ ತರಲು ಹೋದವನು ಠಾಣೆಯಲ್ಲಿ ಕೂರುವಂತಾಗಬಾರದು.

ಇನ್ನು ಕೊಡುವವರ ಮಾತು. ನನ್ನ ಕಟ್ಟುನಿಟ್ಟಾದ ಅಭಿಪ್ರಾಯ ಇಷ್ಟು: ದನದ ಜೊತೆ ಮೊದಲ ವರ್ಷದ ಅರ್ಧ ಮೇವನ್ನು ಕೊಡಲಾರದವನಿಗೆ ದನವನ್ನು ದಾಟಿಸುವ ಹಕ್ಕಿಲ್ಲ. ಟ್ರ್ಯಾಕ್ಟರಿಗೆ ಸಾಲದ ಕಂತು ಕಟ್ಟುವವನು ಹತ್ತು ವರ್ಷ ದುಡಿದ ಎತ್ತಿಗೆ ಒಂದು ಗಾಡಿ ಸೊಪ್ಪೆ ಹಾಕಲಾರನೇ? ಕಾರಹುಣ್ಣಿಮೆಗೆ ಕೊಂಬಿಗೆ ಬಣ್ಣ ಹಚ್ಚಿ ಮೆರೆಸಿದವರು ನಾವೇ ಅಲ್ಲವೇ? ಈಗ ಯಾರಾದರೂ ದನ ಕೊಡಲು ಬಂದರೆ ನಾನು ಮೊದಲು ಇದನ್ನೇ ಕೇಳುತ್ತೇನೆ. ಐದರಲ್ಲಿ ನಾಲ್ವರು ಅಲ್ಲಿಂದಲೇ ಹಿಂದಿರುಗುತ್ತಾರೆ. ಮುನಿಸಿಕೊಂಡವರೂ ಇದ್ದಾರೆ.

ಸರ್ಕಾರದ ಕಡೆಗೂ ಒಂದು ಮಾತು ಇದೆ. 2022ರಲ್ಲಿ ಪುಣ್ಯಕೋಟಿ ದತ್ತು ಯೋಜನೆ ಆರಂಭವಾದಾಗ, ಗೋಶಾಲೆಯ ಒಂದು ದನವನ್ನು ವರ್ಷದ ಮಟ್ಟಿಗೆ ದತ್ತು ಪಡೆಯಲು 11,000 ರೂಪಾಯಿ ಎಂದು ಗೊತ್ತು ಮಾಡಿದರು. ದಿನಕ್ಕೆ 30 ರೂಪಾಯಿ ಆಯಿತು. ನಾನು ಮೇಲೆ ಕೊಟ್ಟ ಮೇವಿನ ಲೆಕ್ಕಕ್ಕೂ ಇದಕ್ಕೂ ಬಹಳ ಅಂತರವಿಲ್ಲ, ಅಂದರೆ ಲೆಕ್ಕ ಹಾಕಿದವರು ಬಲ್ಲವರೇ. ಆದರೆ ಆ ಹಣ ಗೋಶಾಲೆಯ ದನಕ್ಕೆ. ಅದೇ ದನ ಗೋಶಾಲೆಗೆ ಹೋಗದೆ ಸಣ್ಣ ರೈತನ ಹಟ್ಟಿಯಲ್ಲಿ ನಿಂತರೆ ಅದರ ಹೊಟ್ಟೆ ಚಿಕ್ಕದಾಗುತ್ತದೆಯೇ? ಓಲೆಯ ಸಂಖ್ಯೆ ಇದೆ, ಪಶುವೈದ್ಯರಿದ್ದಾರೆ, ಊರೂರಿಗೆ ಹಾಲು ಉತ್ಪಾದಕರ ಸಂಘಗಳಿವೆ. ಬಿಟ್ಟುಹೋದ ದನವನ್ನು ಸಾಕುವ ಐದು ಎಕರೆಯೊಳಗಿನ ರೈತನಿಗೆ, ಮನೆಗೆ ಒಂದೇ ದನವೆಂಬ ಮಿತಿ ಹಾಕಿ, ಹಣವಲ್ಲ, ಮೇವನ್ನೇ ಸಂಘದ ಮೂಲಕ ಕೊಡಲಿ. ಹಣವಾದರೆ ಬೇರೆ ದಾರಿ ಹಿಡಿಯುತ್ತದೆಂಬುದು ನಮಗೆಲ್ಲ ಗೊತ್ತು, ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ. ಬರದ ವರ್ಷ ಹೋಬಳಿಗೊಂದು ಗೋಶಾಲೆ ತೆರೆಯುವುದಕ್ಕಿಂತ ಇದರ ಖರ್ಚು ಕಡಿಮೆಯಾದೀತೇ ಎಂಬುದನ್ನು ಜಿಲ್ಲಾ ಪಂಚಾಯಿತಿಯವರು ಕುಳಿತು ಲೆಕ್ಕ ಹಾಕಲಿ. ಹರಪನಹಳ್ಳಿಯವರು 1997ರಿಂದ ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ ಎಂದು ಜಿಲ್ಲೆ ಬದಲಿಸಿ ದಣಿದಿದ್ದಾರೆ. ಹೊಸ ಜಿಲ್ಲೆಯಿಂದ ಇಂಥ ಒಂದು ಹೊಸ ಕೆಲಸವನ್ನು ಅವರೂ ಬಯಸಿಯಾರು.

ಮೂಲದಲ್ಲೇ ತಡೆಯುವ ದಾರಿ ಲಿಂಗ ನಿರ್ಧರಿತ ವೀರ್ಯದ್ದು. ಅದನ್ನು ಕೊಡಿಸಿದರೆ ಹತ್ತರಲ್ಲಿ ಒಂಬತ್ತು ಹೆಣ್ಣುಗರು ಹುಟ್ಟುತ್ತವೆ. ಗಬ್ಬ ಕಟ್ಟುವುದು ಮಾಮೂಲಿನದಕ್ಕಿಂತ ಸ್ವಲ್ಪ ಕಡಿಮೆಯೆಂಬ ದೂರಿದೆ, ಅದು ನಿಜವೂ ಹೌದು. ಆದ್ದರಿಂದ ಮೊದಲ ಕರುವಿನ ಪಡ್ಡೆಗಳಿಗೆ, ಬೆದೆ ಚೆನ್ನಾಗಿ ಕಾಣುವ ದನಗಳಿಗೆ ಕೊಡಿಸಿರಿ. ನಮ್ಮ ಊರಿನ ಹಾಲಿನ ಮನೆಯವರು ಒಮ್ಮೆ ಹಾಕಿಸಿ, ಕಟ್ಟದೇ ಹೋದಾಗ ಮತ್ತೆ ಹಳೆಯದಕ್ಕೇ ಹೋದರು. ಆಮೇಲೆ ಹೋರಿಗರು ಹುಟ್ಟಿತು. ಅದನ್ನು ಯಾರಿಗೆ ಕೊಡುವುದೆಂದು ಕೇಳಲು ಕಳೆದ ವಾರ ನನ್ನ ಮನೆಗೆ ಬಂದಿದ್ದರು. ಕರುವಿಗೆ ಮೂರು ತಿಂಗಳು ಹಾಲು ಕುಡಿಸಿ, ಬೀಜ ಒಡೆಸಿ, ಓಲೆ ಹಾಕಿಸಿ, ಎರಡು ಗಾಡಿ ಸೊಪ್ಪೆಯ ಜೊತೆ ತಂದರೆ ನೋಡೋಣ ಎಂದೆ. ಮುದಿ ಎತ್ತು ಈಚೆಗೆ ಎದ್ದು ನಿಲ್ಲಲು ತಡ ಮಾಡುತ್ತಿದೆ. ಅದರ ಗೂಟ ತೆರವಾಗುವವರೆಗೆ ಬೇರೆ ಗೂಟ ಹುಗಿಯುವುದಿಲ್ಲವೆಂದೂ ಹೇಳಿ ಕಳಿಸಿದೆ.